ಬೆಳ್ಳಿ ಪೆಟ್ಟಿಗೆ ಏಕೆ ಒಡೆಯುವುದಿಲ್ಲ? ಇಬ್ಬರು ಮಕ್ಕಳು, ಒಂದು ಲ್ಯಾಪ್‌ಟಾಪ್, ಒಂದು ಲೆಗೋ ಸ್ಟಾರ್ ವಾರ್ಸ್

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಹಳ್ಳಿ. ಮಳೆಗಾಲದಲ್ಲಿ ಮಕ್ಕಳು ಅಂಗಳಕ್ಕೆ ಇಳಿಯುವ ಹಾಗಿಲ್ಲವಲ್ಲ ಎಂದು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ‘ಲೆಗೋ ಸ್ಟಾರ್ ವಾರ್ಸ್: ದಿ ಕಂಪ್ಲೀಟ್ ಸಾಗಾ’ ಕೊಂಡೆ. ಮಾಣಿಗೆ (ಮಗನಿಗೆ) 11 ವರ್ಷ, ಕೂಸಿಗೆ (ಮಗಳಿಗೆ) 7. ಆಟಕ್ಕೆ ಮೂಲವಾದ ಸ್ಟಾರ್ ವಾರ್ಸ್ ಸಿನಿಮಾಗಳನ್ನು ಇಬ್ಬರೂ ನೋಡಿಲ್ಲ. ಹಳೆಯ ಲ್ಯಾಪ್‌ಟಾಪ್, ಆಟ ಒಮ್ಮೊಮ್ಮೆ ತೆರೆಯುವುದೇ ಇಲ್ಲ. ತೆರೆದರೆ ಒಂದೇ ಕೀಬೋರ್ಡಿಗೆ ಇಬ್ಬರ ಜಗಳ. ಮಾಣಿ ಮುಂದೆ ಓಡಿದರೆ ಕೂಸಿನ ಗೊಂಬೆ ಎಳೆದುಕೊಂಡು ಹೋಗಿ ಬೀಳುತ್ತದೆ. ಆಟದ ದುಡ್ಡು ಹೆಕ್ಕಿದಂತೆ ಪರದೆಯ ಮೇಲೆ ತುಂಬುವ ‘ಟ್ರೂ ಜೆಡೈ’ ಪಟ್ಟಿ ಇನ್ನೂ ಒಮ್ಮೆಯೂ ತುಂಬಿಲ್ಲ. ಹೊಳೆಯುವ ಬೆಳ್ಳಿ ಬಣ್ಣದ ಪೆಟ್ಟಿಗೆಗಳನ್ನು ಎಷ್ಟು ಹೊಡೆದರೂ ಒಡೆಯುವುದಿಲ್ಲ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಬೆಳ್ಳಿ ಪೆಟ್ಟಿಗೆಯಿಂದಲೇ ಶುರುಮಾಡೋಣ. ನಿಮ್ಮ ಮನೆಯ ಅರ್ಧ ಜಗಳಕ್ಕೆ ಕಾರಣ ಅದರಲ್ಲೇ ಇದೆ. ಅದು ಒಡೆಯದಿರುವುದು ಮಕ್ಕಳ ತಪ್ಪಲ್ಲ, ಮೊದಲ ಸಲ ಆಡುವವರಿಗೆ ಅದು ಒಡೆಯಬಾರದು ಎಂದೇ ಆಟವನ್ನು ಕಟ್ಟಿದ್ದಾರೆ. ಈ ಆಟದ ಪ್ರತಿಯೊಂದು ಅಧ್ಯಾಯವನ್ನೂ ಎರಡು ಸುತ್ತು ಆಡಬೇಕು. ಮೊದಲ ಸುತ್ತು ‘ಸ್ಟೋರಿ’. ಸಿನಿಮಾದ ಆ ಪ್ರಸಂಗದಲ್ಲಿ ಯಾರಿದ್ದರೋ ಅವರು ಮಾತ್ರ ನಿಮ್ಮ ಕೈಯಲ್ಲಿರುತ್ತಾರೆ. ಅದು ಮುಗಿದ ಮೇಲೆ ಅದೇ ಅಧ್ಯಾಯ ‘ಫ್ರೀ ಪ್ಲೇ’ಯಲ್ಲಿ ತೆರೆಯುತ್ತದೆ. ಆಗ ಅಲ್ಲಿಯವರೆಗೆ ಗಳಿಸಿದ ಪಾತ್ರಗಳಿಂದ ಬೇಕಾದ ಶಕ್ತಿಗಳ ಒಂದು ಗುಂಪನ್ನು ಆಟವೇ ಆರಿಸಿಕೊಡುತ್ತದೆ, ನಡುವೆ ಗುಂಡಿ ಒತ್ತಿ ಒಬ್ಬರಿಂದ ಇನ್ನೊಬ್ಬರಿಗೆ ಬದಲಾಗಬಹುದು. ಬೆಳ್ಳಿ ಪೆಟ್ಟಿಗೆ, ಮುಚ್ಚಿದ ಬಾಗಿಲು, ಕೈಗೆಟುಕದ ಕಟ್ಟೆ ಎಲ್ಲವೂ ಈ ಎರಡನೇ ಸುತ್ತಿನವು. ಮೊದಲ ಸುತ್ತಿನಲ್ಲೇ ಎಲ್ಲ ಬೇಕು ಎಂದು ಹಟ ಹಿಡಿದರೆ ಮಾಣಿಗೆ ಸಿಟ್ಟು ಬರುತ್ತದೆ, ಕೂಸಿಗೆ ಬೇಸರ ಬರುತ್ತದೆ.

ಯಾವ ಗುರುತಿಗೆ ಯಾರು ಬೇಕು ಎಂಬುದನ್ನು ಮಕ್ಕಳಿಗೆ ಒಂದು ಹಾಳೆಯಲ್ಲಿ ಬರೆದುಕೊಡಿ, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಹೊಳೆಯುವ ಬೆಳ್ಳಿ ಇಟ್ಟಿಗೆಗೆ ಬೌಂಟಿ ಹಂಟರ್ (ದುಡ್ಡಿಗೆ ಜನರನ್ನು ಹಿಡಿಯುವ ಬೇಟೆಗಾರ) ಎಸೆಯುವ ಥರ್ಮಲ್ ಡಿಟೊನೇಟರ್ ಎಂಬ ಬಾಂಬು ಬೇಕು, ಕತ್ತಿಗೂ ಬಂದೂಕಿಗೂ ಅದು ಜಗ್ಗುವುದಿಲ್ಲ. ಕೆಂಪು ಕಿಡಿ ಹಾರುವ ಕಪ್ಪು ವಸ್ತುಗಳನ್ನು ಸಾಮಾನ್ಯ ಜೆಡೈ (ಕಥೆಯ ಒಳ್ಳೆಯ ಬಣದ ಯೋಧ) ಅಲುಗಿಸಲಾರ, ಡಾರ್ತ್ ವೇಡರ್‌ನಂಥ ಸಿತ್ (ಕೆಟ್ಟ ಬಣದ) ಪಾತ್ರ ಬೇಕು. ಗೋಡೆಯ ಬುಡದಲ್ಲಿ ಕಾಣುವ ಪುಟ್ಟ ಕಿಂಡಿಗೆ ಈವಾಕ್ (ಪುಟ್ಟ ಕರಡಿಯಂಥ ಜೀವಿ) ಅಥವಾ ಬಾಲಕ ಅನಾಕಿನ್ ತರಹದ ಗಿಡ್ಡ ಪಾತ್ರ ಬೇಕು. ನೆಲದ ಮೇಲಿನ ದುಂಡು ಗುರುತಿನಲ್ಲಿ ನಿಂತು ಕೊಕ್ಕೆ ಎಸೆದು ಮೇಲೇರುವುದು ಬಂದೂಕು ಹಿಡಿದವರ ಕೆಲಸ. ಬಾಗಿಲ ಪಕ್ಕದ ಫಲಕದಲ್ಲಿ ಆರ್2-ಡಿ2 ಎಂಬ ರೋಬೋ ಚಿತ್ರವಿದ್ದರೆ ಅವನ ತರಹದ್ದೇ ಹೋಗಬೇಕು, ಸಿ-3ಪಿಒ ಎಂಬ ರೋಬೋ ಚಿತ್ರವಿದ್ದರೆ ಇವನ ತರಹದ್ದು. ಸ್ಟಾರ್ಮ್‌ಟ್ರೂಪರ್ ಎಂಬ ಬಿಳಿ ಕವಚದ ಸೈನಿಕನ ಮುಖವಿದ್ದರೆ ಆ ಶಿರಸ್ತ್ರಾಣ ತೊಟ್ಟವರು. ಎರಡು ಜಿಗಿತಕ್ಕೂ ಎಟುಕದ ಎತ್ತರಕ್ಕೆ ಜಾರ್ ಜಾರ್ ಎಂಬ ಪಾತ್ರ ಇದೆ.

ಇಲ್ಲೊಂದು ಸಂಗತಿ ಬಹಳ ಜನಕ್ಕೆ ಹೊಳೆಯುವುದಿಲ್ಲ. ಈ ಶಕ್ತಿಗಳಿಗಾಗಿ ಅಂಗಡಿಯಲ್ಲಿ ದುಬಾರಿ ಪಾತ್ರ ಕೊಳ್ಳಬೇಕಾಗಿಯೇ ಇಲ್ಲ. ಕಥೆ ಮುಗಿಸಿದರೆ ಪುಕ್ಕಟೆಯಾಗಿ ಬರುತ್ತವೆ. 4ನೇ ಕಂತಿನ (ಒಂದು ಸಿನಿಮಾಗೆ ಒಂದು ಕಂತು) 4ನೇ ಅಧ್ಯಾಯದಲ್ಲಿ ಲ್ಯೂಕ್ ಮತ್ತು ಹಾನ್ ಸ್ಟಾರ್ಮ್‌ಟ್ರೂಪರ್ ವೇಷ ಹಾಕುತ್ತಾರೆ. 6ನೇ ಕಂತಿನ ಮೊದಲ ಅಧ್ಯಾಯದಲ್ಲಿ ಲೇಯಾ ಬೂಷ್ ಎಂಬ ಬೌಂಟಿ ಹಂಟರ್ ವೇಷದಲ್ಲಿ ಬರುತ್ತಾಳೆ, ಅವಳ ಕೈಯಲ್ಲಿರುವುದು ನಿಮಗೆ ಬೇಕಾದ ಅದೇ ಡಿಟೊನೇಟರ್. ಅದೇ ಕಂತಿನ 4ನೇ ಅಧ್ಯಾಯದಲ್ಲಿ ಈವಾಕ್ ವಿಕೆಟ್, 5ನೇ ಅಧ್ಯಾಯದಲ್ಲಿ ವೇಡರ್. ಮಾಣಿ ಈಗಾಗಲೇ ಬೋಬಾ ಫೆಟ್ ಎಂಬ ಬೌಂಟಿ ಹಂಟರ್‌ಗೆ ದುಡ್ಡು ಕೂಡಿಡುತ್ತಿದ್ದರೆ ಸ್ವಲ್ಪ ತಡೆಯಲು ಹೇಳಿ. ಹಾರಾಟದ ಅಧ್ಯಾಯಗಳಲ್ಲಿ ಮಾತ್ರ ಕೆಲವು ದ್ವಾರಗಳು ಟೈ ಫೈಟರ್ ಎಂಬ ಹಾರುವ ವಾಹನಕ್ಕಷ್ಟೇ ತೆರೆಯುತ್ತವೆ. ಅದೊಂದನ್ನು ಮುಂದೆ ಕೊಂಡರಾಯಿತು.

ಹಾಗಾದರೆ ದುಡ್ಡು, ಅಂದರೆ ಸ್ಟಡ್‌ಗಳು, ಯಾವುದಕ್ಕೆ? ಕೆಂಪು ಇಟ್ಟಿಗೆಗಳಿಗೆ. ಆರು ಕಂತು, ಕಂತಿಗೆ ಆರು ಅಧ್ಯಾಯ, ಒಟ್ಟು 36. ಪ್ರತಿಯೊಂದರಲ್ಲೂ ಒಂದು ಕೆಂಪು ಇಟ್ಟಿಗೆ ಬಚ್ಚಿಟ್ಟಿದೆ, ಪ್ರತಿ ಇಟ್ಟಿಗೆಯೂ ಒಂದು ವರ. ಸ್ಟಡ್‌ನ ಬೆಲೆ ಏರಿಸುವ ಐದು ವರಗಳಿವೆ: ಎರಡು ಪಟ್ಟಿನದು 4ನೇ ಕಂತಿನ 6ನೇ ಅಧ್ಯಾಯದಲ್ಲಿ, ನಾಲ್ಕು ಪಟ್ಟಿನದು 5ನೆಯದರ 3ರಲ್ಲಿ, ಆರು ಪಟ್ಟಿನದು 5ರ 6ರಲ್ಲಿ, ಎಂಟು ಪಟ್ಟಿನದು 6ನೆಯದರ 3ರಲ್ಲಿ, ಹತ್ತು ಪಟ್ಟಿನದು 6ರ 6ರಲ್ಲಿ. ಒಂದಕ್ಕಿಂತ ಹೆಚ್ಚು ಹಚ್ಚಿಟ್ಟರೆ ಅವು ಕೂಡುವುದಿಲ್ಲ, ಗುಣಿಸುತ್ತವೆ. ಎರಡು ಮತ್ತು ನಾಲ್ಕು ಸೇರಿ ಎಂಟು ಪಟ್ಟು. ಐದೂ ಸೇರಿದರೆ 3,840 ಪಟ್ಟು. ಬೆಳ್ಳಿ ಸ್ಟಡ್‌ಗೆ 10, ಚಿನ್ನದ್ದಕ್ಕೆ 100, ನೀಲಿಗೆ 1,000, ನೇರಳೆಗೆ 10,000 ಎಂಬುದು ಮೂಲ ಬೆಲೆ. ಐದೂ ವರ ಇದ್ದಾಗ ಒಂದು ಬೆಳ್ಳಿ ಸ್ಟಡ್ 38,400 ಆಗುತ್ತದೆ. ಆಗ ‘ಟ್ರೂ ಜೆಡೈ’ ಪಟ್ಟಿ ಅಧ್ಯಾಯದ ಬಾಗಿಲಲ್ಲೇ ತುಂಬುತ್ತದೆ. ಆ ಪಟ್ಟಿಯನ್ನು ಸ್ಟೋರಿಯಲ್ಲೇ ತುಂಬಬೇಕೆಂದಿಲ್ಲ, ಫ್ರೀ ಪ್ಲೇಯಲ್ಲಿ ತುಂಬಿದರೂ ಬಹುಮಾನವಾಗಿ ಅದೇ ಚಿನ್ನದ ಇಟ್ಟಿಗೆ ಸಿಗುತ್ತದೆ.

ಈ ವರಗಳ ಬಗ್ಗೆ ಎರಡು ತಪ್ಪು ಎಲ್ಲ ಮನೆಯಲ್ಲೂ ಆಗುತ್ತವೆ. ಇಟ್ಟಿಗೆ ಸಿಕ್ಕಿತು, ವರ ಬಂತು ಎಂದುಕೊಳ್ಳುವುದು ಮೊದಲನೆಯದು. ಸಿಕ್ಕ ಮೇಲೆ ಕ್ಯಾಂಟೀನಾದ (ಕಂತುಗಳ ಬಾಗಿಲುಗಳೂ ಅಂಗಡಿಯೂ ಇರುವ ಜಾಗದ) ಕಟ್ಟೆಯ ಹತ್ತಿರ ಹೋಗಿ ಸ್ಟಡ್ ಕೊಟ್ಟು ಅದನ್ನು ಕೊಳ್ಳಬೇಕು. ಕೊಂಡು ಸುಮ್ಮನಿರುವುದು ಎರಡನೆಯದು. ಆಟ ನಿಲ್ಲಿಸಿ ‘ಎಕ್ಸ್‌ಟ್ರಾಸ್’ ಪಟ್ಟಿಗೆ ಹೋಗಿ ಅದನ್ನು ಹಚ್ಚಬೇಕು. ಬೆಲೆ ಮೇಲಕ್ಕೇರುತ್ತಲೇ ಹೋಗುವುದರಿಂದ ಮೊದಲು ಎರಡು ಪಟ್ಟಿನದನ್ನು ಕೊಂಡು, ಅದರ ಗಳಿಕೆಯಲ್ಲಿ ನಾಲ್ಕರದು, ಅದರ ಗಳಿಕೆಯಲ್ಲಿ ಆರರದು ಹೀಗೆ ಹತ್ತುವುದು ಸರಿ. ಪುಟ್ಟ ಕೈಗಳಿಗೆ ಉಪಕಾರಿಯಾದ ಇನ್ನೆರಡನ್ನು ಮರೆಯಬೇಡಿ: ಸ್ಟಡ್‌ಗಳನ್ನು ತಾನೇ ಸೆಳೆದುಕೊಳ್ಳುವ ‘ಸ್ಟಡ್ ಮ್ಯಾಗ್ನೆಟ್’ 2ನೇ ಕಂತಿನ ಮೊದಲ ಅಧ್ಯಾಯದಲ್ಲಿದೆ, ಮಿನಿಕಿಟ್ (ಬಚ್ಚಿಟ್ಟ ಪುಟ್ಟ ಮಾದರಿಯ ತುಂಡು) ಎಲ್ಲಿದೆ ಎಂದು ಬಾಣದಿಂದ ತೋರಿಸುವ ವರ 5ನೆಯದರ 5ರಲ್ಲಿದೆ. ಅಧ್ಯಾಯಕ್ಕೆ ಹತ್ತು ಮಿನಿಕಿಟ್. ಆ ಬಾಣವಿಲ್ಲದೆ ಹುಡುಕುವುದು ಏಳು ವರ್ಷದ ಕೂಸಿಗೆ ಹಿಂಸೆ.

ಈಗ ಒಮ್ಮೆ ಮೇಲಿನ ಎರಡು ಪಟ್ಟಿಗಳನ್ನು ಜೊತೆಗಿಟ್ಟು ನೋಡಿ. ಪುಕ್ಕಟೆ ಪಾತ್ರಗಳಲ್ಲಿ ಹೆಚ್ಚಿನವು, ಬೆಲೆ ಏರಿಸುವ ಐದಕ್ಕೆ ಐದೂ ವರಗಳು ಇರುವುದು 4, 5, 6ನೇ ಕಂತುಗಳಲ್ಲಿ. ಆದರೂ ಎಲ್ಲರೂ 1ನೇ ಕಂತಿನ ಬಾಗಿಲಿಂದ ಶುರುಮಾಡಿ ಸಾಲಾಗಿ ಹೋಗುತ್ತಾರೆ, ಸಂಖ್ಯೆ ಹಾಗಿದೆಯಲ್ಲ ಎಂದು. ನೀವು 1ನೇ ಕಂತಿನ ಮೊದಲ ಅಧ್ಯಾಯವೊಂದನ್ನು ಮುಗಿಸಿ. ಅಷ್ಟಕ್ಕೆ 4ನೇ ಕಂತಿನ ಬಾಗಿಲು ತೆರೆದಿರುತ್ತದೆ. ನೇರವಾಗಿ ಅಲ್ಲಿಗೆ ಹೋಗಿ 4, 5, 6 ಮುಗಿಸಿ, ಆಮೇಲೆ 1, 2, 3ಕ್ಕೆ ಹಿಂದಿರುಗಿ. ಸಿನಿಮಾಗಳೂ ಬಂದದ್ದು ಇದೇ ಕ್ರಮದಲ್ಲಿ: 4ನೇ ಕಂತು 1977, 5 ಬಂದದ್ದು 1980, 6 ಬಂದದ್ದು 1983. ಮೊದಲ ಮೂರು ಕಂತುಗಳು 1999, 2002, 2005ರಲ್ಲಿ ಆಮೇಲೆ ಬಂದವು. ಐದನೇ ಕಂತಿನ ಕೊನೆಯಲ್ಲಿ ಒಂದು ದೊಡ್ಡ ಗುಟ್ಟು ಬಿಚ್ಚುತ್ತದೆ. ಮೂರನೆಯದನ್ನು ಮೊದಲು ಆಡಿದರೆ ಆ ಗುಟ್ಟು ಮಕ್ಕಳಿಗೆ ಆಗಲೇ ಗೊತ್ತಾಗಿಬಿಟ್ಟಿರುತ್ತದೆ. ಲೆಕ್ಕಕ್ಕೂ ಕಥೆಗೂ ಒಂದೇ ದಾರಿ ಸರಿಹೋಗುವುದು ಅಪರೂಪ, ಅದನ್ನು ಬಿಡಬೇಡಿ.

ಸಿನಿಮಾ ನೋಡದೆ ಆಡಬಹುದೇ ಎಂದರೆ ಆಡಬಹುದು, ಆದರೆ ನಗು ಅರ್ಧವಾಗುತ್ತದೆ. ಈ ಆಟದಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ. ಗೊಣಗುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ, ಕಿತ್ತು ಬಿದ್ದ ಕೈಯನ್ನು ತಾವೇ ಜೋಡಿಸಿಕೊಳ್ಳುತ್ತಾರೆ. ನಮ್ಮ ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ಹಾಸ್ಯಗಾರ ಮಾಡುವುದೂ ಇದನ್ನೇ. ಪ್ರಸಂಗ ಅದೇ, ನಡೆ ಅದೇ, ರಾಜ ರಾಜನೇ, ಆದರೆ ದೂತನಾಗಿ ಬಂದ ಹಾಸ್ಯಗಾರ ಪಕ್ಕದಲ್ಲಿ ನಿಂತು ಹುಬ್ಬು ಕುಣಿಸಿದರೆ ಇಡೀ ರಂಗ ಹಗುರಾಗುತ್ತದೆ. ಪ್ರಸಂಗ ಗೊತ್ತಿದ್ದವನಿಗೆ ಆ ಹುಬ್ಬಿನ ಅರ್ಥ ತಿಳಿಯುತ್ತದೆ. ಹಾಗಾಗಿ ಒಂದು ಸಿನಿಮಾ ನೋಡಿ, ಮರುದಿನದಿಂದ ಅದರ ಆರು ಅಧ್ಯಾಯ ಆಡಲಿ. ಮಾತಿಲ್ಲದಿರುವುದರಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಯಾವ ಅಡ್ಡಿಯೂ ಇಲ್ಲ, ಮೆನುವಿನ ಹತ್ತು ಹನ್ನೆರಡು ಇಂಗ್ಲಿಷ್ ಪದ ಕಲಿಸಿದರೆ ಸಾಕು. ಒಂದು ಎಚ್ಚರ: 3ನೇ ಕಂತಿನ ಸಿನಿಮಾ ಕ್ರೂರವಾಗಿದೆ, ಅಮೆರಿಕದಲ್ಲಿ ಈ ಸರಣಿಗೆ ಮೊದಲ ಸಲ ಪಿಜಿ-13 ದರ್ಜೆ ಸಿಕ್ಕಿದ್ದು ಅದಕ್ಕೇ. ಕೂಸಿಗೆ ಆ ಸಿನಿಮಾ ಈಗ ಬೇಡ. ಆಟದ 3ನೇ ಕಂತು ಪರವಾಗಿಲ್ಲ, ಅಲ್ಲಿ ಸತ್ತವರು ಇಟ್ಟಿಗೆಗಳಾಗಿ ಚೆದುರುತ್ತಾರೆ, ಅಷ್ಟೇ.

ಇನ್ನು ಇಬ್ಬರ ಎಳೆದಾಟ. 2007ರ ಈ ಆಟದಲ್ಲಿ ಇಬ್ಬರಿಗೂ ಒಂದೇ ಪರದೆ. ಇಬ್ಬರ ನಡುವೆ ಕಾಣದ ಹಗ್ಗವಿದೆ ಎಂದುಕೊಳ್ಳಿ. ಒಬ್ಬರು ಅಂಚಿಗೆ ಹೋದರೆ ಕ್ಯಾಮೆರಾ ಅತ್ತ ಜಗ್ಗುತ್ತದೆ, ಹಿಂದಿದ್ದವರನ್ನು ಪರದೆಯ ಅಂಚು ತಳ್ಳುತ್ತದೆ, ಅಲ್ಲೊಂದು ಕಂದಕ ಇದ್ದರೆ ಕಥೆ ಮುಗಿಯಿತು. ಇಬ್ಬರೂ ದೂರವಾದಾಗ ಪರದೆ ತಾನೇ ಎರಡಾಗುವ ಉಪಾಯ ಲೆಗೋ ಆಟಗಳಿಗೆ ಬಂದದ್ದು 2009ರ ‘ಲೆಗೋ ಇಂಡಿಯಾನಾ ಜೋನ್ಸ್ 2’ರಲ್ಲಿ. ಇಲ್ಲಿ ಅದಿಲ್ಲ, ಯಾವ ಸೆಟ್ಟಿಂಗಿನಿಂದಲೂ ಬರುವುದಿಲ್ಲ. ಹಾಗಾಗಿ ಉಪಾಯ ಮನೆಯಲ್ಲೇ ಆಗಬೇಕು. ಮುಂದೆ ಕೂಸು ಹೋಗಲಿ. ದೊಡ್ಡವನು ಹಿಂದೆ ಇದ್ದರೆ ಅವನ ಕಣ್ಣು ಅಂಚನ್ನು ಗಮನಿಸುತ್ತದೆ, ಬೆರಳೂ ಬೇಗ ಓಡುತ್ತದೆ, ಹಗ್ಗ ಜಗ್ಗಿದರೂ ಸಾವರಿಸಿಕೊಳ್ಳುತ್ತಾನೆ. ಅವಳು ಹಿಂದಿದ್ದರೆ ಅದಾಗುವುದಿಲ್ಲ. ಕಂದಕದ ಮುಂದೆ ಇಬ್ಬರೂ ನಿಂತು, ಒಬ್ಬರು ದಾಟಿ ಅಲ್ಲೇ ನಿಲ್ಲಬೇಕು, ಆಮೇಲೆ ಇನ್ನೊಬ್ಬರು. ಕಷ್ಟದ ಜಿಗಿತವಿದ್ದರೆ ಕೂಸು ಸ್ಟಾರ್ಟ್ ಒತ್ತಿ ‘ಡ್ರಾಪ್ ಔಟ್’ ಕೊಡಲಿ. ಅವಳ ಗೊಂಬೆಯನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಮಾಣಿ ದಾಟಿದ ಮೇಲೆ ಸ್ಟಾರ್ಟ್ ಒತ್ತಿ ಮತ್ತೆ ಸೇರಿಕೊಂಡರಾಯಿತು. ಇದು ಮೋಸವಲ್ಲ, ಇದಕ್ಕಾಗಿಯೇ ಆ ಸೌಲಭ್ಯ ಇಟ್ಟಿದ್ದಾರೆ.

‘ಅವನೇ ಎಲ್ಲ ಸ್ಟಡ್ ಹೆಕ್ಕಿದ’ ಎಂಬ ಅಳುವಿಗೆ ಉತ್ತರ ಪರದೆಯ ಮೇಲೇ ಇದೆ. ಇಬ್ಬರ ಲೆಕ್ಕ ಬೇರೆ ಬೇರೆ ಕಂಡರೂ ಪಟ್ಟಿ ತುಂಬುವುದು ಇಬ್ಬರದೂ ಸೇರಿ. ಯಾರು ಹೆಕ್ಕಿದರೂ ಒಂದೇ ಗಂಟು. ಇಕ್ಕಟ್ಟಿನಲ್ಲಿ ಇಬ್ಬರೂ ಕತ್ತಿ ಬೀಸಿದರೆ ಒಬ್ಬರ ಏಟು ಇನ್ನೊಬ್ಬರಿಗೂ ತಾಗುತ್ತದೆ, ಬೇಕೆಂದೇ ಹೊಡೆದ ಎಂದು ಜಗಳ ಎದ್ದರೆ ಇದನ್ನೂ ಹೇಳಿ.

ವರಗಳು ಕೈಗೆ ಬರುವ ಮೊದಲೂ ಪಟ್ಟಿ ಇಷ್ಟೊಂದು ಬರಿದಾಗಿ ಉಳಿಯಬೇಕಿಲ್ಲ. ಇಟ್ಟಿದ್ದ ಸ್ಟಡ್ ಎಲ್ಲಿಗೂ ಹೋಗುವುದಿಲ್ಲ, ಆದರೆ ಒಡೆದಾಗ ಚಿಮ್ಮಿದ ಸ್ಟಡ್ ಸ್ವಲ್ಪ ಹೊತ್ತು ಮಿನುಗಿ ಮಾಯವಾಗುತ್ತದೆ. ಮಕ್ಕಳು ಗುದ್ದಾಟದ ನಡುವೆ ಕುರ್ಚಿ, ದೀಪ, ಗಿಡ ಎಲ್ಲವನ್ನೂ ಒಡೆದು ಮುಂದೆ ಓಡುತ್ತಾರೆ, ಹೆಕ್ಕುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಮೊದಲು ಶತ್ರುಗಳನ್ನು ಮುಗಿಸಬೇಕು, ಆಮೇಲೆ ಒಂದೊಂದೇ ಒಡೆದು ಹೆಕ್ಕಬೇಕು. ಕ್ಯಾಮೆರಾ ತಿರುಗುವುದಿಲ್ಲವಾದ್ದರಿಂದ ಬೆಲೆಬಾಳುವ ನೀಲಿ ಸ್ಟಡ್‌ಗಳನ್ನು ಕಂಬದ ಹಿಂದೆ, ಪರದೆಯ ಕೆಳ ಅಂಚಿನ ಕಡೆ ಅಡಗಿಸಿರುತ್ತಾರೆ. ನಮ್ಮ ಕಡೆಗೇ ನಡೆದು ಬಂದು ನೋಡುವ ಅಭ್ಯಾಸ ಮಾಡಿಸಿ. ಜೆಡೈ ಹತ್ತಿರ ಹೋದಾಗ ಹೊಳೆಯುವ ಪ್ರತಿ ವಸ್ತುವಿನ ಮೇಲೂ ಫೋರ್ಸ್ (ಮುಟ್ಟದೆ ಅಲುಗಿಸುವ ಶಕ್ತಿ) ಬಳಸಬೇಕು, ಕುಣಿಯುವ ಇಟ್ಟಿಗೆ ರಾಶಿ ಕಂಡರೆ ಗುಂಡಿ ಒತ್ತಿ ಹಿಡಿದು ಕಟ್ಟಬೇಕು. ನಾಲ್ಕು ಹೃದಯ ಹೋದರೆ ಆಟ ಮುಗಿಯುವುದಿಲ್ಲ, ಆದರೆ ಕೈಯಲ್ಲಿದ್ದ ಸ್ಟಡ್ ಚೆಲ್ಲುತ್ತದೆ. ಪದೇ ಪದೇ ಸಾಯುವುದೇ ಪಟ್ಟಿ ತುಂಬದಿರಲು ದೊಡ್ಡ ಕಾರಣ. ಕೆಲವು ಕಡೆ ಶತ್ರುಗಳು ಬರುತ್ತಲೇ ಇರುತ್ತಾರೆ, ಅಲ್ಲಿ ನಿಂತು ಹೊಡೆದರೆ ನಷ್ಟವೇ, ಮುಂದೆ ಸಾಗಬೇಕು.

ಹಾರಾಟದ ಅಧ್ಯಾಯಗಳಲ್ಲಿ ನಿಮ್ಮವರು ಸಿಕ್ಕಿಹಾಕಿಕೊಳ್ಳುವುದು ಖಂಡಿತ. 1ನೇ ಕಂತಿನ ಪಾಡ್ ರೇಸ್‌ನಲ್ಲಿ ಹಿಂದೆ ಬಿದ್ದರೆ ಆ ಭಾಗ ಮತ್ತೆ ಶುರುವಾಗುತ್ತದೆ, ಸ್ಟಡ್ ಆಸೆ ಬಿಟ್ಟು ವೇಗ ಕೊಡುವ ಗುರುತುಗಳ ಮೇಲೆಯೇ ಓಡಿಸಬೇಕು. 5ನೇ ಕಂತಿನ ಹೋತ್ ಯುದ್ಧದಲ್ಲಿ ನಾಲ್ಕು ಕಾಲಿನ ದೈತ್ಯ ಯಂತ್ರಗಳಿಗೆ ಗುಂಡು ತಾಗುವುದಿಲ್ಲ, ಕೇಬಲ್ ಬಿಟ್ಟು ಕಾಲಿನ ಸುತ್ತ ಸುತ್ತಬೇಕು. ಉಳಿದ ಕಡೆ ಗುಂಡಿಗೆ ಜಗ್ಗದ ಗುರಿ ಕಂಡರೆ ಅದು ಟಾರ್ಪಿಡೊ ಕೇಳುತ್ತಿದೆ ಎಂದರ್ಥ, ಟಾರ್ಪಿಡೊ ಹೆಕ್ಕಿದರೆ ವಾಹನದ ಹಿಂದೆ ಸಾಲಾಗಿ ಬರುತ್ತವೆ. ಈ ಅಧ್ಯಾಯಗಳನ್ನು ಮಾಣಿ ಒಬ್ಬನೇ ಮುಗಿಸಲಿ.

ಕೀಬೋರ್ಡಿನ ವಿಷಯದಲ್ಲಿ ಮಕ್ಕಳನ್ನು ಬೈಯಬೇಡಿ. ಸಾಮಾನ್ಯ ಕೀಬೋರ್ಡಿನ ಕೀಲಿಗಳು ಅಡ್ಡ-ಉದ್ದ ತಂತಿಗಳ ಜಾಲದ ಮೇಲೆ ಕೂತಿರುತ್ತವೆ. ಒಂದೇ ಜಾಲದ ಮೂರು ಮೂಲೆಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯದನ್ನೂ ಒತ್ತಿದಂತೆ ಕಾಣುತ್ತದೆ. ಹಾಗಾಗಬಾರದೆಂದು ಕೀಬೋರ್ಡ್ ಕೆಲವು ಒತ್ತುಗಳನ್ನೇ ನುಂಗಿಬಿಡುತ್ತದೆ. ಕೂಸು ‘ಒತ್ತಿದೆ, ಜಿಗಿಯಲಿಲ್ಲ’ ಎಂದರೆ ಅವಳು ಹೇಳುವುದು ನಿಜ. ತಂತಿ ಇರುವ ಒಂದು ಯುಎಸ್‌ಬಿ ಗೇಮ್‌ಪ್ಯಾಡ್ ತನ್ನಿ, ಅದು ಕೂಸಿಗೆ, ಕೀಬೋರ್ಡ್ ಮಾಣಿಗೆ. ಪ್ಯಾಡನ್ನು ಆಟ ತೆರೆಯುವ ಮೊದಲೇ ಚುಚ್ಚಿರಬೇಕು, ಆಮೇಲೆ ಚುಚ್ಚಿದರೆ ಹಳೆಯ ಆಟಗಳು ಗುರುತಿಸದೇ ಹೋಗಬಹುದು. ಪ್ಯಾಡ್ ಒತ್ತಿದಾಗ ಮಾಣಿಯ ಗೊಂಬೆಯೇ ಅಲುಗಿದರೆ ಸ್ಟೀಮ್ ಆ ಪ್ಯಾಡನ್ನು ಕೀಬೋರ್ಡ್ ಎಂದು ತೋರಿಸುತ್ತಿದೆ: ಲೈಬ್ರರಿಯಲ್ಲಿ ಆಟದ ಪ್ರಾಪರ್ಟೀಸ್, ಅಲ್ಲಿ ಕಂಟ್ರೋಲರ್, ಸ್ಟೀಮ್ ಇನ್‌ಪುಟ್ ಹಚ್ಚಿ, ಟೆಂಪ್ಲೇಟನ್ನು ‘ಗೇಮ್‌ಪ್ಯಾಡ್’ ಮಾಡಿ.

ಆಟ ತೆರೆಯದಿರಲು ಸಾಮಾನ್ಯ ಕಾರಣ ಡೈರೆಕ್ಟ್‌ಎಕ್ಸ್ 9. ಕಂಪ್ಯೂಟರಿಗೆ ಈ ಆಟ ಬಂದದ್ದು 2009ರಲ್ಲಿ, ಆಗಿನ ಕೆಲವು ಸಹಾಯಕ ಫೈಲುಗಳು ಈಗಿನ ವಿಂಡೋಸ್ ಜೊತೆ ಬರುವುದಿಲ್ಲ. ‘ಡಿ3ಡಿಎಕ್ಸ್9’ ಎಂದು ಶುರುವಾಗುವ ಫೈಲ್ ಇಲ್ಲ ಎಂಬ ಸಂದೇಶ ಕಂಡರೆ ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಹಾಕಿ. ಆ ಒಂದೇ ಫೈಲನ್ನು ಎಲ್ಲಿಂದಲೋ ಇಳಿಸಿ ಅಂಟಿಸಬೇಡಿ, ವೈರಸ್ ಬರುವ ದಾರಿ ಅದು. ಒಮ್ಮೊಮ್ಮೆ ಮಾತ್ರ ತೆರೆಯುವುದಿಲ್ಲ ಎಂದಿದ್ದೀರಿ. ನಡುವೆ ಲ್ಯಾಪ್‌ಟಾಪ್ ಆರಿಹೋದ ಮೇಲೆ ಹೀಗಾಗುತ್ತಿದ್ದರೆ ಆಟದ ಫೈಲ್ ಕೆಟ್ಟಿರಬಹುದು. ಪ್ರಾಪರ್ಟೀಸ್‌ನಲ್ಲಿ ‘ಇನ್‌ಸ್ಟಾಲ್ಡ್ ಫೈಲ್ಸ್’ ಒಳಗೆ ಫೈಲುಗಳನ್ನು ಪರಿಶೀಲಿಸುವ ಗುಂಡಿ ಇದೆ, ಕೆಟ್ಟ ಭಾಗವನ್ನಷ್ಟೇ ಅದು ಮತ್ತೆ ಇಳಿಸಿಕೊಳ್ಳುತ್ತದೆ. ನಿಧಾನವಾದರೆ ರೆಸಲ್ಯೂಷನ್ 1280×720ಕ್ಕೆ ಇಳಿಸಿ, ಈ ಗೊಂಬೆಗಳಿಗೆ ಅಷ್ಟು ಸಾಕು. ಹಾಸಿಗೆ, ಕಂಬಳಿಯ ಮೇಲಿಟ್ಟು ಆಡಿದರೆ ಕೆಳಗಿನ ಗಾಳಿಕಿಂಡಿ ಮುಚ್ಚಿ ಬಿಸಿಯಾಗಿ ತಾನೇ ನಿಧಾನವಾಗುತ್ತದೆ, ಮಣೆಯ ಮೇಲಿಡಿ. ಗೇಮ್‌ಪ್ಯಾಡನ್ನು ಮಳೆಗಾಲದಲ್ಲಿ ಹೊರಗೆ ಬಿಟ್ಟರೆ ತೇವಕ್ಕೆ ಯುಎಸ್‌ಬಿ ಮೊಳೆ ಕಪ್ಪಾಗುತ್ತದೆ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿಡಿ.

ಕರೆಂಟಿನ ವಿಷಯ: ಅಧ್ಯಾಯದ ನಡುವೆ ಎಷ್ಟು ದೂರ ಹೋಗಿದ್ದರೂ ಅದು ಡಿಸ್ಕಿಗೆ ಬರೆಯಲ್ಪಡುವುದಿಲ್ಲ, ಅಧ್ಯಾಯ ಮುಗಿದಾಗಲೇ ಉಳಿಯುವುದು. ಬ್ಯಾಟರಿ ಅರ್ಧ ಗಂಟೆ ತಡೆದರೆ ನಿಮಗೆ ಚಿಂತೆ ಇಲ್ಲ, ಕರೆಂಟು ಹೋದೊಡನೆ ಪರದೆಯ ಬೆಳಕು ತಗ್ಗಿಸಿ ನಡೆಯುತ್ತಿರುವ ಅಧ್ಯಾಯವನ್ನು ಮುಗಿಸಲು ಬಿಡಿ. ಬ್ಯಾಟರಿ ಸತ್ತಿದ್ದರೆ ಇನ್ವರ್ಟರಿಗೆ ಜೋಡಿಸದೆ ಆಡಿಸಬೇಡಿ. ಉಳಿಸುವ ಗುರುತು ಪರದೆಯಲ್ಲಿ ಕಾಣುತ್ತಿರುವಾಗ ಆರಿದರೆ ಇಡೀ ಸೇವ್ ಹಾಳಾಗಬಹುದು. ಗುಡುಗು ಶುರುವಾದರೆ ಮಾತ್ರ ಅಧ್ಯಾಯದ ಆಸೆ ಬಿಟ್ಟು ಚಾರ್ಜರನ್ನೂ ಟಿವಿಗೆ ಹೋಗುವ ಎಚ್‌ಡಿಎಂಐ ತಂತಿಯನ್ನೂ ಕಿತ್ತುಬಿಡಿ. ವಾರಕ್ಕೊಮ್ಮೆ ಸೇವ್ ನಕಲು ಮಾಡಿ: ವಿಂಡೋಸ್‌ನಲ್ಲಿ ಅಡಗಿಸಿಟ್ಟಿರುವ ‘ಆಪ್‌ಡೇಟಾ’ ಫೋಲ್ಡರ್, ಅದರೊಳಗೆ ‘ಲೋಕಲ್’, ಅದರೊಳಗೆ ‘ಲ್ಯೂಕಾಸ್‌ಆರ್ಟ್ಸ್’. ಆ ಫೋಲ್ಡರನ್ನು ಹಾಗೇ ಪೆನ್‌ಡ್ರೈವಿಗೆ ಹಾಕಿಡಿ. ನೆಟ್ ಇಲ್ಲದ ದಿನ ಆಡಲು, ನೆಟ್ ಇರುವಾಗ ಒಮ್ಮೆ ಆಟ ತೆರೆದು ಮುಚ್ಚಿ, ಸ್ಟೀಮನ್ನು ಆಫ್‌ಲೈನ್‌ಗೆ ಹಾಕಿ.

ಮಾಣಿ ಒಂಬತ್ತು ಸಿನಿಮಾಗಳ ಹೊಸ ‘ಸ್ಕೈವಾಕರ್ ಸಾಗಾ’ ಬೇಕೆಂದು ಕೇಳಿಯೇ ಕೇಳುತ್ತಾನೆ. 2022ರಲ್ಲಿ ಬಂದ ಅದರಲ್ಲಿ ಇಬ್ಬರಿಗೂ ಬೇರೆ ಬೇರೆ ಅರ್ಧ ಪರದೆ, ಪಾತ್ರಗಳಿಗೆ ಮಾತೂ ಇದೆ. ಆದರೆ ಅದು 8 ಜಿಬಿ ರ‍್ಯಾಮ್, ಸುಮಾರು 40 ಜಿಬಿ ಜಾಗ, ಬೇರೆ ಗ್ರಾಫಿಕ್ಸ್ ಕಾರ್ಡ್ ಕೇಳುತ್ತದೆ, ನಿಮ್ಮ ಈಗಿನ ಯಂತ್ರಕ್ಕೆ ಹೊರೆ. ಕಂಪ್ಲೀಟ್ ಸಾಗಾದಲ್ಲೇ 160 ಚಿನ್ನದ ಇಟ್ಟಿಗೆಗಳಿವೆ, ಅದರಲ್ಲಿ 108 ಅಧ್ಯಾಯಗಳೊಳಗಿನವು: ಮುಗಿಸಿದ್ದಕ್ಕೆ ಒಂದು, ಪಟ್ಟಿ ತುಂಬಿಸಿದ್ದಕ್ಕೆ ಒಂದು, ಹತ್ತು ಮಿನಿಕಿಟ್‌ಗೆ ಒಂದು. ವಾರಾಂತ್ಯಕ್ಕೆ ಎರಡು ಮೂರು ಅಧ್ಯಾಯದಂತೆ ಆಡಿದರೆ ಈ ಮಳೆಗಾಲ ಕಳೆದು ಅಡಿಕೆ ಕೊಯ್ಲು ಬಂದರೂ ಮುಗಿಯುವುದಿಲ್ಲ. ಈ ಶನಿವಾರ 1ನೇ ಕಂತಿನ ಮೊದಲ ಅಧ್ಯಾಯ ಮುಗಿಸಿ, 4ನೇ ಬಾಗಿಲಿಗೆ ಹೋಗಲಿ.